ಬೀಟಾ ಎಚ್‌ಸಿಜಿ: ರಿಪೋರ್ಟಿನ ಅಂಕಿ ಹುಟ್ಟುವುದು ಹೇಗೆ?

ಎಚ್‌ಸಿಜಿ ಬಸಿರಿನಲ್ಲಿ ಏರುವ ಹಾರ್ಮೋನು. ಅದನ್ನು ಅಳೆಯಲು ಮುಟ್ಟು ನಿಂತಾಗ ಮಾಡಿಸುವ ಬೀಟಾ ಎಚ್‌ಸಿಜಿ ರಕ್ತಪರೀಕ್ಷೆಯ ಬಗ್ಗೆ ಮಲೆನಾಡಿನ ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಮನೆಯವರೂ ಬರೆದಿದ್ದಾರೆ, ಲ್ಯಾಬಿನಲ್ಲಿ ಕೆಲಸ ಮಾಡುವವರೂ ಬರೆದಿದ್ದಾರೆ. ಪತ್ರಗಳನ್ನು ಚಿಕ್ಕದು ಮಾಡಿ, ಹೆಸರು ಬಿಟ್ಟು ಕೊಟ್ಟಿದ್ದೇವೆ.

ಪ್ರಶ್ನೆ: ನನಗೆ ಮುಟ್ಟು ನಿಂತು ಹತ್ತು ದಿನ. ಸೋಮವಾರ ಬೆಳಿಗ್ಗೆ 8ಕ್ಕೆ ನಮ್ಮೂರ ಲ್ಯಾಬಿನಲ್ಲಿ ರಕ್ತ ಕೊಟ್ಟೆ, ಬೀಟಾ ಎಚ್‌ಸಿಜಿ 412 ಬಂತು. ಬುಧವಾರ ಸಂಜೆ 5ಕ್ಕೆ ಶಿವಮೊಗ್ಗದ ಇನ್ನೊಂದು ಲ್ಯಾಬಿನಲ್ಲಿ ಕೊಟ್ಟೆ, 596 ಬಂತು. ಎರಡು ದಿನಕ್ಕೆ ದುಪ್ಪಟ್ಟಾಗಬೇಕು, ಆಗಿಲ್ಲ ಅಂದರೆ ಗರ್ಭ ನಿಲ್ಲುವುದಿಲ್ಲ ಎಂದು ಅಕ್ಕ ಹೇಳುತ್ತಾರೆ. ಹೌದೇ? (ಹೊಸನಗರ)

ಉತ್ತರ: ನಿಮ್ಮಕ್ಕ ಹೇಳಿದ್ದು ಹಳೆಯ ಲೆಕ್ಕ. ಈಗ ಸ್ತ್ರೀರೋಗ ತಜ್ಞರು ನೋಡುವುದು 48 ಗಂಟೆಯಲ್ಲಿ ಕನಿಷ್ಠ ಎಷ್ಟು ಏರಬೇಕು ಎಂಬುದನ್ನು. ಮೊದಲ ಅಂಕಿ 1,500ಕ್ಕಿಂತ ಕಡಿಮೆ ಇದ್ದರೆ ಶೇ 49, 1,500ರಿಂದ 3,000ದ ನಡುವೆ ಇದ್ದರೆ ಶೇ 40, ಅದಕ್ಕೂ ಮೇಲಿದ್ದರೆ ಶೇ 33. ಉಳಿಯುವ ಗರ್ಭಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಇಷ್ಟಾದರೂ ಏರುತ್ತವೆ. ದುಪ್ಪಟ್ಟು ಆಗಲೇಬೇಕೆಂದಿಲ್ಲ.

ಆದರೆ ನಿಮ್ಮ ಎರಡು ಅಂಕಿಗಳನ್ನು ಹೀಗೆ ಪಕ್ಕಪಕ್ಕ ಇಟ್ಟು ಅಳೆಯಲು ಬರುವುದಿಲ್ಲ. ಮೊದಲನೆಯದಾಗಿ, ಇದು 48 ಗಂಟೆ ಅಲ್ಲ, 57 ಗಂಟೆ. 412ರಿಂದ 596 ಎಂದರೆ ಶೇ 45ರಷ್ಟು ಏರಿಕೆ. ಅದನ್ನು 48 ಗಂಟೆಗೆ ಇಳಿಸಿದರೆ ಸುಮಾರು ಶೇ 36. ಇಷ್ಟಕ್ಕೇ ನಿಲ್ಲಿಸಿದರೆ ಗಾಬರಿಪಡಬೇಕಾದ ಅಂಕಿಯೇ. ಈಗ ಎರಡನೆಯ ಸಂಗತಿ ನೋಡಿ. ಒಂದೇ ರಕ್ತವನ್ನು ಎರಡು ಕಂಪನಿಯ ಕಿಟ್‌ಗಳಲ್ಲಿ ಹಾಕಿದರೆ ಒಂದೇ ಅಂಕಿ ಬರುವುದಿಲ್ಲ. ಶಿವಮೊಗ್ಗದ ಲ್ಯಾಬಿನ ವಿಧಾನ ನಿಮ್ಮೂರಿನದಕ್ಕಿಂತ ಶೇ 15 ಕಡಿಮೆ ತೋರಿಸುವಂಥದ್ದು ಎಂದಿಟ್ಟುಕೊಳ್ಳಿ. ಆಗ 596 ಎಂಬುದು ನಿಮ್ಮೂರ ಅಳತೆಯಲ್ಲಿ 701; 48 ಗಂಟೆಗೆ ಶೇ 56ರ ಏರಿಕೆ, ಚಿಂತೆಯಿಲ್ಲ. ಅದೇ ಶೇ 15 ಹೆಚ್ಚು ತೋರಿಸುವಂಥದ್ದಾದರೆ 596 ಎಂಬುದು 518. ಏರಿಕೆ ಬರೀ ಶೇ 21, ತಕ್ಷಣ ಡಾಕ್ಟರನ್ನು ಕಾಣಬೇಕಾದ ಸ್ಥಿತಿ. ಎರಡು ಲ್ಯಾಬಿನ ವ್ಯತ್ಯಾಸವೊಂದೇ ಉತ್ತರವನ್ನು ಈ ತುದಿಯಿಂದ ಆ ತುದಿಗೆ ಎಳೆದೊಯ್ಯಬಲ್ಲದು.

ಆದ್ದರಿಂದ ಮೂರನೆಯ ಸಲ ರಕ್ತ ಕೊಡಿ, ಎರಡನೆಯದನ್ನು ಕೊಟ್ಟ ಲ್ಯಾಬಿನಲ್ಲೇ, ಶುಕ್ರವಾರ ಸಂಜೆ 5ಕ್ಕೇ. 596 ಮತ್ತು ಆ ಹೊಸ ಅಂಕಿ, ಇವೆರಡನ್ನೇ ಹೋಲಿಸಿ. 412ನ್ನು ಲೆಕ್ಕದಿಂದ ಬಿಟ್ಟುಬಿಡಿ. ರಿಪೋರ್ಟಿನ ಹಿಂದೆ ಅಚ್ಚು ಹಾಕಿರುವ ವಾರದ ಪಟ್ಟಿಯನ್ನು ನೋಡಿ ನಿರ್ಧಾರಕ್ಕೆ ಬರಬೇಡಿ. ಸಾಮಾನ್ಯವಾಗಿ ಕೊಡುವ ಪಟ್ಟಿಯಲ್ಲಿ 5ನೇ ವಾರಕ್ಕೆ 18ರಿಂದ 7,340 ಎಂದಿರುತ್ತದೆ. ಅಷ್ಟು ಅಗಲದ ಬಾಗಿಲಲ್ಲಿ ಎಲ್ಲರೂ ಹಾದುಹೋಗುತ್ತಾರೆ.

ಈ ನಡುವೆ ಒಂದು ವಿಷಯ ನೆನಪಿರಲಿ. ನಿಧಾನ ಏರುವ ಎಚ್‌ಸಿಜಿಗೆ ಒಂದು ಕಾರಣ ಗರ್ಭನಾಳದಲ್ಲಿ ನಿಂತ ಬಸಿರು. ಕಿಬ್ಬೊಟ್ಟೆಯ ಒಂದು ಬದಿ ಹಿಡಿದುಕೊಂಡಂತೆ ನೋವು, ಹೆಗಲ ತುದಿಯಲ್ಲಿ ನೋವು, ಕಣ್ಣು ಕತ್ತಲೆ ಬರುವುದು, ಕೆಂಪು ಹೋಗುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಶುಕ್ರವಾರಕ್ಕೆ ಕಾಯದೆ ಆ ಗಳಿಗೆಯಲ್ಲೇ 108ಕ್ಕೆ ಫೋನ್ ಮಾಡಿ, ಶಸ್ತ್ರಚಿಕಿತ್ಸೆ ಮಾಡುವ ಸೌಲಭ್ಯವಿರುವ ಆಸ್ಪತ್ರೆಗೇ ಹೋಗಿ. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಕಟ್ಟುವ ಕಡೆ ನಿಮ್ಮ ಮನೆಯಿದ್ದರೆ, ಈ ಎರಡು ದಿನ ಪೇಟೆಯಲ್ಲಿರುವ ನೆಂಟರ ಮನೆಯಲ್ಲಿ ಉಳಿಯುವುದು ಒಳ್ಳೆಯದು. ಎಚ್‌ಸಿಜಿ ಇನ್ನೂ ಸಾವಿರದೊಳಗಿರುವಾಗ ಸ್ಕ್ಯಾನಿನಲ್ಲಿ ಗರ್ಭಚೀಲ ಕಾಣದಿದ್ದರೆ ಅದರಿಂದ ಏನೂ ತೀರ್ಮಾನವಾಗುವುದಿಲ್ಲ. 3,500 ದಾಟಿದ ಮೇಲೂ ಒಳಗಿನಿಂದ ಮಾಡುವ ಸ್ಕ್ಯಾನಿನಲ್ಲಿ ಗರ್ಭಕೋಶ ಖಾಲಿ ಇದ್ದರೆ ಅದು ಬೇರೆ ಮಾತು.

ಪ್ರಶ್ನೆ: ಮೆಡಿಕಲ್ ಶಾಪಿನಿಂದ ತಂದ ಬಸಿರು ಪರೀಕ್ಷೆಯ ಪಟ್ಟಿಯಲ್ಲಿ ಎರಡನೆಯ ಗೆರೆ ತೀರಾ ತೆಳುವಾಗಿ ಬಂದಿದೆ. ಬಸಿರು ಹೌದೋ ಅಲ್ಲವೋ? (ಸಾಗರ)

ಉತ್ತರ: ಹೇಳಿದ ಸಮಯದೊಳಗೆ, ಅಂದರೆ ಸಾಮಾನ್ಯವಾಗಿ 5 ನಿಮಿಷದೊಳಗೆ, ಬಣ್ಣವಿರುವ ಗೆರೆ ಕಂಡಿದ್ದರೆ ಎಷ್ಟು ತೆಳುವಾದರೂ ಹೌದು ಎಂದೇ ತಿಳಿಯಿರಿ. ಅರ್ಧ ಗಂಟೆ ಬಿಟ್ಟು ನೋಡಿದಾಗ ಕಂಡ ಬೂದು ಗೆರೆಗೆ ಅರ್ಥವಿಲ್ಲ. ಮೂತ್ರ ಆರಿದ ಗುರುತು ಅದು. ಹೆಚ್ಚಿನ ಪಟ್ಟಿಗಳು ಮಿಲಿಲೀಟರಿಗೆ 25 ಮಿಲಿ ಯುನಿಟ್ ಇದ್ದರೆ ಹಿಡಿಯುತ್ತವೆ. ಎರಡು ದಿನ ಬಿಟ್ಟು, ಬೆಳಗಿನ ಮೊದಲ ಮೂತ್ರದಲ್ಲಿ ಮತ್ತೆ ನೋಡಿ. ಮಳೆಗಾಲದಲ್ಲಿ ಪಟ್ಟಿಯ ಪೊಟ್ಟಣವನ್ನು ಮೊದಲೇ ಒಡೆದಿಟ್ಟರೆ ಗಾಳಿಯ ತೇವ ಕುಡಿದು ಕೆಡುತ್ತದೆ, ಮೂತ್ರ ಹಾಕುವ ಹೊತ್ತಿಗೇ ಒಡೆಯಿರಿ. ಕಂಟ್ರೋಲ್ ಗೆರೆಯೇ ಬಾರದಿದ್ದರೆ ಆ ಪಟ್ಟಿ ಕೆಟ್ಟಿದೆ ಎಂದೇ ಲೆಕ್ಕ.

ಪ್ರಶ್ನೆ: ನಾನು ಸಣ್ಣ ಲ್ಯಾಬೊಂದರ ಟೆಕ್ನಿಷಿಯನ್. ಕೈಯಲ್ಲೇ ಎಲಿಸಾ (ಎಂಜೈಮು ಬರಿಸುವ ಬಣ್ಣದಿಂದ ಅಳೆಯುವ ಪರೀಕ್ಷೆ) ಮಾಡುತ್ತೇವೆ. ಮಳೆ ಶುರುವಾದ ಮೇಲೆ ಎಚ್‌ಸಿಜಿ ಪ್ಲೇಟಿನ ಸೊನ್ನೆ ಸ್ಟ್ಯಾಂಡರ್ಡಿನ (ಸ್ಟ್ಯಾಂಡರ್ಡ್ ಎಂದರೆ ಹಾರ್ಮೋನು ಎಷ್ಟಿದೆಯೆಂದು ಮೊದಲೇ ಗೊತ್ತಿರುವ ದ್ರಾವಣ) ಓಡಿ, ಅಂದರೆ ಬಣ್ಣದ ದಟ್ಟತೆಯ ಅಳತೆ, 0.25 ಬರುತ್ತಿದೆ, ಕಡಿಮೆ ಕಂಟ್ರೋಲ್ (ಪರೀಕ್ಷೆ ಸರಿಯಿದೆಯೇ ನೋಡಲು ಇಡುವ ಮಾದರಿ) ಹೆಚ್ಚು ತೋರಿಸುತ್ತಿದೆ, ಅಂಚಿನ ಕೆಲವು ಗುಂಡಿಗಳು, ಅಂದರೆ ವೆಲ್‌ಗಳು ಕಡುನೀಲಿ ಆಗುತ್ತಿವೆ. ಕಿಟ್ ಬದಲಿಸಿದರೂ ಹಾಗೇ. ಎಲ್ಲಿ ತಪ್ಪುತ್ತಿದೆ? (ತೀರ್ಥಹಳ್ಳಿ)

ಉತ್ತರ: ಕಿಟ್ ಬದಲಿಸಿದರೂ ಹಾಗೇ ಎಂದಿರಿ, ಅದೇ ದೊಡ್ಡ ಸುಳಿವು. ತಪ್ಪು ಕಿಟ್‌ನಲ್ಲಿಲ್ಲ, ನಿಮ್ಮ ನೀರು, ತೊಳೆಯುವ ಕ್ರಮ, ಇಲ್ಲವೇ ಕೋಣೆಯಲ್ಲಿದೆ. ಪರೀಕ್ಷೆಯ ಒಳಗು ತಿಳಿದರೆ ಎಲ್ಲಿ ಹುಡುಕಬೇಕೆಂದು ಗೊತ್ತಾಗುತ್ತದೆ.

ಎಚ್‌ಸಿಜಿ ಎರಡು ತುಂಡುಗಳ ಪ್ರೋಟೀನು. ಆಲ್ಫಾ ತುಂಡು 92 ಅಮೈನೋ ಆಮ್ಲಗಳದ್ದು. ಎಲ್‌ಎಚ್, ಎಫ್‌ಎಸ್‌ಎಚ್, ಟಿಎಸ್‌ಎಚ್ ಹಾರ್ಮೋನುಗಳಲ್ಲೂ ಅದೇ ಇದೆ. ಬೀಟಾ ತುಂಡು 145ರದ್ದು, ಎಚ್‌ಸಿಜಿಯನ್ನು ಉಳಿದವುಗಳಿಂದ ಬೇರೆ ಮಾಡುವುದು ಅದೇ. ವೆಲ್‌ನ ತಳಕ್ಕೆ ಅಂಟಿಸಿದ ಒಂದು ಆಂಟಿಬಾಡಿ ಹಾರ್ಮೋನನ್ನು ಹಿಡಿಯುತ್ತದೆ. ಎಚ್‌ಆರ್‌ಪಿ ಎಂಬ ಎಂಜೈಮನ್ನು ಹೊತ್ತ ಇನ್ನೊಂದು ಆಂಟಿಬಾಡಿ (ಇದೇ ಕಾಂಜುಗೇಟ್) ಮೇಲಿನಿಂದ ಬಂದು ಕೂರುತ್ತದೆ. ನಡುವೆ ಹಾರ್ಮೋನು ಇದ್ದರಷ್ಟೇ ಎಂಜೈಮು ವೆಲ್‌ನಲ್ಲಿ ಉಳಿಯಬೇಕು, ಉಳಿದದ್ದೆಲ್ಲ ತೊಳೆದು ಹೋಗಬೇಕು. ಆಮೇಲೆ ಹಾಕುವ ಟಿಎಂಬಿ ಎಂಬ ಬಣ್ಣ ಕಟ್ಟುವ ದ್ರಾವಣವನ್ನು ಎಂಜೈಮು ನೀಲಿ ಮಾಡುತ್ತದೆ, ಆಮ್ಲ ಹಾಕಿದಾಗ ಅದು ಹಳದಿಗೆ ತಿರುಗುತ್ತದೆ. ಸೊನ್ನೆ ಸ್ಟ್ಯಾಂಡರ್ಡಿನಲ್ಲಿ ಹಾರ್ಮೋನೇ ಇಲ್ಲ. ಅಲ್ಲೂ ಬಣ್ಣ ಬಂದಿದೆ ಎಂದರೆ ಒಂದೋ ಎಂಜೈಮು ತೊಳೆದು ಹೋಗದೆ ಉಳಿದಿದೆ, ಇಲ್ಲವೇ ಎಂಜೈಮಿಲ್ಲದೆಯೇ ಟಿಎಂಬಿ ಬಣ್ಣ ಕಟ್ಟುತ್ತಿದೆ.

ಎರಡನೆಯದನ್ನು ಮೊದಲು ಪರೀಕ್ಷಿಸಿ, ಇಪ್ಪತ್ತು ನಿಮಿಷದ ಕೆಲಸ. ಹೊಸ ಪ್ಲಾಸ್ಟಿಕ್ ಟ್ಯೂಬ್ ಮೂರು ತೆಗೆದುಕೊಂಡು ಒಂದೊಂದಕ್ಕೂ 100 ಮೈಕ್ರೋಲೀಟರ್ ಟಿಎಂಬಿ ಹಾಕಿ. ಒಂದನ್ನು ಹಾಗೇ ಬಿಡಿ. ಇನ್ನೊಂದಕ್ಕೆ ವಾಷ್ ಬಫರ್ (ತೊಳೆಯುವ ದ್ರಾವಣ) ಕಲಸಲು ಬಳಸುವ ನೀರು 50 ಮೈಕ್ರೋಲೀಟರ್, ಮತ್ತೊಂದಕ್ಕೆ ಕಲಸಿಟ್ಟ ವಾಷ್ ಬಫರ್ 50 ಮೈಕ್ರೋಲೀಟರ್ ಹಾಕಿ, ಕತ್ತಲೆಯಲ್ಲಿ 15 ನಿಮಿಷ ಇಡಿ. ಮೊದಲನೆಯದೇ ನೀಲಿಯಾದರೆ ಟಿಎಂಬಿ ಬಾಟಲಿ ಕೆಟ್ಟಿದೆ. ಸಾಮಾನ್ಯವಾಗಿ ಕಾಂಜುಗೇಟ್ ಮುಟ್ಟಿದ ಟಿಪ್ಪನ್ನೇ ಅದಕ್ಕೂ ಹಾಕಿರುತ್ತಾರೆ. ಎರಡನೆಯದು ನೀಲಿಯಾದರೆ ನೀರಿನದೇ ದೋಷ. ಜಂಬಿಟ್ಟಿಗೆ ನೆಲದ ಬಾವಿ, ಬೋರ್‌ವೆಲ್ ನೀರಿನಲ್ಲಿ ಕಬ್ಬಿಣ ಇರುತ್ತದೆ, ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಎರಡೂ ಟಿಎಂಬಿಯ ಬಣ್ಣವನ್ನು ಕೆಡಿಸಬಲ್ಲವು. ಕಾಯಿಸಿ ಸೋಸಿದ ನೀರು ಇದಕ್ಕೆ ಸಾಲದು, ಡಿಸ್ಟಿಲ್ಡ್ ನೀರೇ ಬೇಕು. ಬ್ಯಾಟರಿ ಅಂಗಡಿಯ ನೀರಿನ ಕ್ಯಾನ್ ತಂದರೆ ಹೊಸ ಕ್ಯಾನ್ ಒಡೆದಾಗಲೆಲ್ಲ ಇದೇ ಟ್ಯೂಬ್ ಪರೀಕ್ಷೆ ಮಾಡಿ. ಮೂರನೆಯದೊಂದೇ ನೀಲಿಯಾದರೆ ಬಫರ್ ಕಲಸಿದ ಪಾತ್ರೆಯನ್ನು ನೋಡಿ, ಬ್ಲೀಚಿನಲ್ಲಿ ತೊಳೆದು ಸರಿಯಾಗಿ ಜಾಲಿಸದೆ ಬಿಟ್ಟಿರಬಹುದು. ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಚೆಲ್ಲಿದ ಕಡೆ ಒರೆಸಲು, ತ್ಯಾಜ್ಯ ಹಾಕಲು ಹೈಪೋಕ್ಲೋರೈಟ್, ಅಂದರೆ ಬ್ಲೀಚ್, ಬೇಕೇ ಬೇಕು. ಆದರೆ ಪ್ಲೇಟ್ ಹೊರಗಿರುವ ಹೊತ್ತಿನಲ್ಲಿ ಆ ಬಾಟಲಿ ಅದೇ ಮೇಜಿನ ಮೇಲೆ ಇರಬಾರದು.

ಮೂರೂ ಬಣ್ಣಗೆಡದೆ ಉಳಿದರೆ ತೊಳೆಯುವುದರಲ್ಲಿ ತಪ್ಪು. ವೆಲ್‌ಗೆ 300 ಮೈಕ್ರೋಲೀಟರ್, ಅಂದರೆ ಬಾಯಿಯವರೆಗೆ, ಐದು ಸಲ. ಪ್ರತಿ ಸಲ ತುಂಬಿ ಅರ್ಧ ನಿಮಿಷ ಬಿಟ್ಟು ಚೆಲ್ಲಿ. ಕೊನೆಗೆ ಪ್ಲೇಟನ್ನು ದಪ್ಪ ಟಿಶ್ಯೂ ಮೇಲೆ ಕವುಚಿ, ಹನಿ ಗುರುತು ನಿಲ್ಲುವವರೆಗೆ ತಟ್ಟಿ. ಒದ್ದೆಯಾದ ಜಾಗದ ಮೇಲೇ ಮತ್ತೆ ತಟ್ಟಬೇಡಿ, ಚೆಲ್ಲಿದ ಕಾಂಜುಗೇಟ್ ಅಂಚಿನ ವೆಲ್‌ಗಳಿಗೆ ವಾಪಸು ಹತ್ತಿಕೊಳ್ಳುತ್ತದೆ. ನಿಮ್ಮ ಕಡುನೀಲಿ ಅಂಚಿಗೆ ಇದೇ ಕಾರಣವಿರಬಹುದೆಂದು ನಮ್ಮ ಅಂದಾಜು. ವಾಷರ್ ಮಷಿನ್ ಇದ್ದರೆ ಬಫರಿನ ಉಪ್ಪು ಕಟ್ಟಿ ಸೂಜಿ ಮುಚ್ಚಿಕೊಂಡಿರುತ್ತದೆ. ಆ ಸಾಲಿನ ವೆಲ್‌ಗಳೆಲ್ಲ ಒಟ್ಟಿಗೆ ಕೆಡುತ್ತವೆ. ಕೆಲಸ ಮುಗಿದ ಮೇಲೆ ಡಿಸ್ಟಿಲ್ಡ್ ನೀರು ಹಾಯಿಸಿ ಇಟ್ಟರೆ ಈ ಕಾಟವಿಲ್ಲ.

ಇನ್ನು ಮಳೆಗಾಲದ ವಿಷಯ. ಫ್ರಿಡ್ಜಿನಿಂದ ತೆಗೆದ ಪ್ಲೇಟಿನ ಪೊಟ್ಟಣವನ್ನು ಆ ತಕ್ಷಣ ಕತ್ತರಿಸಬೇಡಿ. ಆಷಾಢದ ಗಾಳಿಯಲ್ಲಿ ತಣ್ಣಗಿನ ವೆಲ್‌ಗಳ ಒಳಗೆ ಕ್ಷಣದಲ್ಲಿ ಮಂಜು ಕೂರುತ್ತದೆ. ಕಣ್ಣಿಗೆ ಹತ್ತಿರ ಹಿಡಿದರೆ ತಳದಲ್ಲಿ ಸಣ್ಣ ಹನಿಗಳ ಪೊರೆ ಕಾಣುತ್ತದೆ. 50 ಮೈಕ್ರೋಲೀಟರ್ ಸೀರಂ ಹಾಕುವ ಕಡೆ ಆ ನೀರೂ ಸೇರಿದರೆ ಅಳತೆ ಕೆಟ್ಟಂತೆಯೇ. ಪೊಟ್ಟಣ ಮುಚ್ಚಿದ್ದಂತೆಯೇ ಅರ್ಧ ಗಂಟೆ ಹೊರಗಿಟ್ಟು, ಕೋಣೆಯ ಬಿಸಿಗೆ ಬಂದ ಮೇಲೆ ಒಡೆಯಿರಿ. ಬೇಕಾದಷ್ಟೇ ಸ್ಟ್ರಿಪ್ ತೆಗೆದು, ಉಳಿದವನ್ನು ಒಳಗಿನ ತೇವ ಹೀರುವ ಪುಟ್ಟ ಚೀಲದ ಜೊತೆ ಗಾಳಿಯಾಡದಂತೆ ಮುಚ್ಚಿಡಿ.

ಕ್ರಮ ಹೀಗಿರಲಿ, ನಿಮ್ಮ ಕಿಟ್‌ನ ಹಾಳೆಯಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ಪಾಲಿಸಿ. ಕೆಂಪು ಮುಚ್ಚಳದ ಟ್ಯೂಬಿನಲ್ಲಿ 2–3 ಮಿಲಿಲೀಟರ್ ರಕ್ತ, ಅರ್ಧ ಗಂಟೆ ಹೆಪ್ಪುಗಟ್ಟಲು ಬಿಟ್ಟು, 3,000 ಸುತ್ತಿನಲ್ಲಿ 10 ನಿಮಿಷ ತಿರುಗಿಸಿ. ಸೀರಂ ಕೆಂಪಾಗಿದ್ದರೆ ಮತ್ತೆ ರಕ್ತ ತೆಗೆಯಿರಿ. ಒಡೆದ ಕಣಗಳ ಹಿಮೋಗ್ಲೋಬಿನ್ ತಾನೇ ಎಂಜೈಮಿನಂತೆ ವರ್ತಿಸುತ್ತದೆ. 0, 5, 25, 50, 100, 200ರ ಸ್ಟ್ಯಾಂಡರ್ಡುಗಳು, ಎರಡು ಕಂಟ್ರೋಲು, ರೋಗಿಗಳ ಸೀರಂ, ಎಲ್ಲವನ್ನೂ ಜೋಡಿ ವೆಲ್‌ಗಳಲ್ಲಿ 50 ಮೈಕ್ರೋಲೀಟರಿನಂತೆ ಹಾಕಿ. 100 ಮೈಕ್ರೋಲೀಟರ್ ಕಾಂಜುಗೇಟ್, ಮುಚ್ಚಿ ಒಂದು ಗಂಟೆ. ತೊಳೆದು 100 ಮೈಕ್ರೋಲೀಟರ್ ಟಿಎಂಬಿ, ಕತ್ತಲೆಯಲ್ಲಿ 15 ನಿಮಿಷ. ಸ್ಟಾಪ್ ದ್ರಾವಣ (ಆಮ್ಲ) ಹಾಕಿ 15 ನಿಮಿಷದೊಳಗೆ 450 ನ್ಯಾನೋಮೀಟರಿನಲ್ಲಿ ಓದಿ.

ಒಂದೊಂದೇ ವೆಲ್‌ಗೆ ಪಿಪೆಟ್ ಹಿಡಿದು ಹಾಕುವವರು ಒಂದು ಲೆಕ್ಕ ಮಾಡಬೇಕು. ವೆಲ್‌ಗೆ 5 ಸೆಕೆಂಡ್ ಹಿಡಿದರೂ 96 ವೆಲ್‌ಗೆ 8 ನಿಮಿಷ. ಟಿಎಂಬಿಯ ಹೊತ್ತು 15 ನಿಮಿಷವಷ್ಟೇ ಇರುವಾಗ ಮೊದಲಿನದಕ್ಕೂ ಕೊನೆಯದಕ್ಕೂ 8 ನಿಮಿಷದ ಅಂತರ ಬಿದ್ದರೆ ಅಂಕಿ ನೆಟ್ಟಗಿರುವುದು ಹೇಗೆ? ಟಿಎಂಬಿ ಹಾಕಿದ ಸಾಲಿನಲ್ಲೇ, ಅದೇ ವೇಗದಲ್ಲಿ ಸ್ಟಾಪ್ ಹಾಕಿ. ಸಾಧ್ಯವಾದರೆ ಎಂಟು ಬಾಯಿಯ ಪಿಪೆಟ್ ಕೊಳ್ಳಿ. ಲ್ಯಾಬಿನ ಮಾಲೀಕರಿಗೆ ಹೇಳಲು ಇದಕ್ಕಿಂತ ನ್ಯಾಯವಾದ ಖರ್ಚು ಇನ್ನೊಂದಿಲ್ಲ.

ಕೋಣೆಯ ಬಿಸಿ ಡಿಸೆಂಬರ್ ಬೆಳಿಗ್ಗೆ 18 ಡಿಗ್ರಿ, ಏಪ್ರಿಲ್ ಮಧ್ಯಾಹ್ನ 33 ಡಿಗ್ರಿ ಇದ್ದರೆ ಬಣ್ಣ ಒಂದೇ ಸಮ ಬಾರದು. ಅದಕ್ಕೆಂದೇ ಪ್ರತಿ ಪ್ಲೇಟಿನಲ್ಲೂ ಸ್ಟ್ಯಾಂಡರ್ಡು ಇರಬೇಕು. ಸ್ಟ್ಯಾಂಡರ್ಡ್ ಉಳಿಸಲೆಂದು ಹೋದ ವಾರದ ಕರ್ವ್ (ಸ್ಟ್ಯಾಂಡರ್ಡುಗಳ ಓಡಿಯಿಂದ ಎಳೆದ ಗೆರೆ) ಮೇಲೆ ಇವತ್ತಿನ ಓಡಿ ಇಟ್ಟು ಓದುವ ಪದ್ಧತಿ ಕೆಲವೆಡೆ ಇದೆ. ಇದನ್ನು ಮಾತ್ರ ಮಾಡಲೇಬೇಡಿ. ಒಂದು ಒಳ್ಳೆಯ ದಿನ 0ಗೆ 0.04, 5ಕ್ಕೆ 0.12, 25ಕ್ಕೆ 0.42, 50ಕ್ಕೆ 0.78, 100ಕ್ಕೆ 1.40, 200ಕ್ಕೆ 2.30 ಬಂತೆನ್ನಿ. ರೋಗಿಯ ಓಡಿ 1.10 ಎಂದರೆ ಸುಮಾರು 76. ಮರುದಿನ ಚಳಿಗೆ ಎಲ್ಲ ಬಣ್ಣವೂ ಐದರಲ್ಲೊಂದು ಪಾಲು ಇಳಿದರೆ ಅದೇ ಸೀರಂ 0.88 ತೋರಿಸುತ್ತದೆ; ನಿನ್ನೆಯ ಕರ್ವ್‌ನಲ್ಲಿ ಅದು 58. ಒಬ್ಬ ಹೆಣ್ಣುಮಗಳಿಗೆ ಗರ್ಭ ಇಳಿಯುತ್ತಿದೆ ಎಂದು ನೀವು ಬರೆದುಕೊಟ್ಟಂತಾಯಿತು, ಇಳಿದದ್ದು ಕೋಣೆಯ ಬಿಸಿ.

ಜೋಡಿ ವೆಲ್‌ಗಳು ಪರಸ್ಪರ ಶೇ 10–15ಕ್ಕಿಂತ ಹೆಚ್ಚು ದೂರವಿದ್ದರೆ ಮತ್ತೆ ಹಾಕಿ. ಕಂಟ್ರೋಲಿನ ಅಂಕಿಯನ್ನು ದಿನವೂ ಗ್ರಾಫ್ ಹಾಳೆಯಲ್ಲಿ ಗುರುತಿಸಿ. ಒಂದು ದಿನ ಮಿತಿಯೊಳಗಿದೆಯೇ ಎಂದು ನೋಡಿದರೆ ಸಾಲದು. ವಾರಗಟ್ಟಲೆ ಒಂದೇ ಕಡೆಗೆ ಸರಿಯುತ್ತಿದೆಯೇ ಎಂಬುದು ಗ್ರಾಫಿನಲ್ಲೇ ಕಾಣುವುದು. ಕರೆಂಟ್ ಹೋಗಿ ಫ್ರಿಡ್ಜ್ 8 ಡಿಗ್ರಿ ದಾಟಿದ ದಿನ, ಬಂದ ಹೊತ್ತು, ಹೋದ ಹೊತ್ತು ಅದೇ ಹಾಳೆಯಲ್ಲಿ ಬರೆದಿಡಿ. ಬಣ್ಣವೇ ಕಟ್ಟದೆ ಎಲ್ಲ ವೆಲ್‌ಗಳೂ ಸಪ್ಪೆಯಾದರೆ ಬಫರಿನಲ್ಲಿ ಸೋಡಿಯಂ ಅಜೈಡ್ ಇದೆಯೇ ನೋಡಿ. ಕೆಡದಿರಲೆಂದು ಹಾಕುವ ಅದು ಎಚ್‌ಆರ್‌ಪಿಯನ್ನೇ ಕೊಲ್ಲುತ್ತದೆ.

ಪ್ರಶ್ನೆ: ನನ್ನ ತಂಗಿಗೆ ಸ್ಕ್ಯಾನಿನಲ್ಲಿ ದ್ರಾಕ್ಷಿ ಗೊಂಚಲಿನಂಥ ಗರ್ಭ ಎಂದರು. ಇಂಥದ್ದರಲ್ಲಿ ಎಚ್‌ಸಿಜಿ ತುಂಬ ಹೆಚ್ಚಿರಬೇಕಂತೆ. ಆದರೆ ರಿಪೋರ್ಟಿನಲ್ಲಿ ಕಡಿಮೆ ಬಂದಿದೆ. ಯಾವುದನ್ನು ನಂಬಬೇಕು? (ಶಿಕಾರಿಪುರ)

ಉತ್ತರ: ಸ್ಕ್ಯಾನನ್ನು ನಂಬಿ, ಲ್ಯಾಬಿಗೆ ಹೋಗಿ ಸೀರಂ ತೆಳು ಮಾಡಿ ಮತ್ತೆ ನೋಡಿ ಎಂದು ಕೇಳಿ. ಇಂಥ ಗರ್ಭದಲ್ಲಿ ಎಚ್‌ಸಿಜಿ ಲಕ್ಷಗಳಲ್ಲಿರಬಹುದು. ಸೀರಂ ಮತ್ತು ಎಂಜೈಮು ಹೊತ್ತ ಆಂಟಿಬಾಡಿಯನ್ನು ಒಟ್ಟಿಗೆ ಹಾಕುವ ವಿಧಾನದಲ್ಲಿ ಹಾರ್ಮೋನು ಮಿತಿಮೀರಿ ಇದ್ದರೆ, ತಳದ ಆಂಟಿಬಾಡಿಗೆ ಒಂದು ಹಾರ್ಮೋನು ಕೂರುತ್ತದೆ, ಎಂಜೈಮಿನ ಆಂಟಿಬಾಡಿಗೆ ಬೇರೊಂದು ಕೂರುತ್ತದೆ. ಎರಡೂ ಕೈ ತುಂಬಿರುವುದರಿಂದ ಒಂದನ್ನೊಂದು ಹಿಡಿಯುವುದೇ ಇಲ್ಲ. ತೊಳೆದಾಗ ಎಂಜೈಮು ಹೊರಟುಹೋಗುತ್ತದೆ, ಬಣ್ಣ ಇಳಿಯುತ್ತದೆ. ಇದಕ್ಕೆ ಲ್ಯಾಬಿನಲ್ಲಿ ಹುಕ್ ಎಫೆಕ್ಟ್ ಎನ್ನುತ್ತಾರೆ. 50 ಮೈಕ್ರೋಲೀಟರ್ ಸೀರಂಗೆ ಕಿಟ್‌ನ ಡೈಲ್ಯುಯೆಂಟ್ 450 ಸೇರಿಸಿದರೆ ಹತ್ತರ ಪಾಲು, ಅದರಿಂದ 50 ತೆಗೆದು ಮತ್ತೆ 450 ಸೇರಿಸಿದರೆ ನೂರರ ಪಾಲು, ಹೀಗೇ ಸಾವಿರದವರೆಗೆ. ಗುಣಿಸಿದ ಮೇಲೆ ಅಂಕಿ ಏರುತ್ತಲೇ ಹೋದರೆ ಹುಕ್ ಇದೆ ಎಂದರ್ಥ. ಎರಡು ಸತತ ಹಂತಗಳು ಹತ್ತಿರ ಹತ್ತಿರ ಒಂದೇ ಉತ್ತರ ಕೊಟ್ಟಾಗ ಅದನ್ನೇ ರಿಪೋರ್ಟ್ ಮಾಡಬೇಕು. ವೈದ್ಯರು ಚೀಟಿಯಲ್ಲಿ ಸಂಶಯ ಬರೆದು ಕಳಿಸಿದರೆ ಲ್ಯಾಬಿನವರು ಮೊದಲೇ ತೆಳು ಮಾಡುತ್ತಾರೆ.

ಗರ್ಭಕೋಶ ಸ್ವಚ್ಛ ಮಾಡಿಸಿದ ಮೇಲೂ ಪ್ರತಿ ವಾರ ಎಚ್‌ಸಿಜಿ ನೋಡುತ್ತಾರೆ, ಸತತ ಮೂರು ವಾರ ಸಹಜಕ್ಕೆ ಬಂದ ಮೇಲೆ ತಿಂಗಳಿಗೊಮ್ಮೆ, ಡಾಕ್ಟರ್ ಹೇಳಿದಷ್ಟು ತಿಂಗಳು. ಅಷ್ಟು ದಿನ ಮತ್ತೆ ಬಸಿರಾಗದಂತೆ ನೋಡಿಕೊಳ್ಳಲು ತಂಗಿಗೂ ಭಾವನವರಿಗೂ ಹೇಳಿ. ಬಸಿರಾದರೆ ಏರಿದ ಎಚ್‌ಸಿಜಿ ಹೊಸ ಗರ್ಭದ್ದೋ ಉಳಿದ ರೋಗದ್ದೋ ಎಂದು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ.

ಪ್ರಶ್ನೆ: ಅಮ್ಮನಿಗೆ 54 ವರ್ಷ, ಮುಟ್ಟು ನಿಂತು ಮೂರು ವರ್ಷ. ಆಪರೇಷನ್ನಿಗೆ ಮುಂಚೆ ಮಾಡಿದ ಪರೀಕ್ಷೆಯಲ್ಲಿ ಬೀಟಾ ಎಚ್‌ಸಿಜಿ 9 ಬಂದಿದೆ. ಮನೆಯಲ್ಲೆಲ್ಲ ಗಾಬರಿ. (ಭದ್ರಾವತಿ)

ಉತ್ತರ: ಮುಟ್ಟು ನಿಂತವರಲ್ಲಿ ಮೆದುಳಿನ ತಳದ ಪಿಟ್ಯುಟರಿ ಗ್ರಂಥಿಯೇ ಸ್ವಲ್ಪ ಎಚ್‌ಸಿಜಿ ಸುರಿಸುತ್ತದೆ, 14ರವರೆಗೆ ಇರುವುದು ಅಪರೂಪವಲ್ಲ. ಎರಡು ವಾರ ಬಿಟ್ಟು ಅದೇ ಲ್ಯಾಬಿನಲ್ಲಿ ನೋಡಿದಾಗಲೂ ಅಷ್ಟೇ ಇದ್ದರೆ, ಜೊತೆಗೆ ಎಫ್‌ಎಸ್‌ಎಚ್ ಹೆಚ್ಚಿದ್ದರೆ ಬಹುಮಟ್ಟಿಗೆ ಅದೇ. ಏರುತ್ತಾ ಹೋದರೆ ಮಾತ್ರ ಮುಂದಿನ ತಪಾಸಣೆ ಬೇಕು.

ಇಲ್ಲೇ ಇನ್ನೊಂದು ಸಂಗತಿ ಹೇಳಬೇಕು. ಕಿಟ್‌ನಲ್ಲಿರುವುದು ಪ್ರಾಣಿಗಳ ಆಂಟಿಬಾಡಿ; ಕೆಲವರ ರಕ್ತದಲ್ಲಿ ಅದಕ್ಕೇ ಅಂಟುವ ಆಂಟಿಬಾಡಿಗಳಿರುತ್ತವೆ. ಅವು ತಳದ್ದಕ್ಕೂ ಎಂಜೈಮಿನದ್ದಕ್ಕೂ ತಾವೇ ಸೇತುವೆಯಾಗಿ ನಿಂತು ಹಾರ್ಮೋನಿಲ್ಲದೆಯೂ ಬಣ್ಣ ಬರಿಸುತ್ತವೆ. ಇವು ಗಾತ್ರದಲ್ಲಿ ದೊಡ್ಡವು, ಮೂತ್ರಕ್ಕೆ ಇಳಿಯುವುದಿಲ್ಲ. ರಕ್ತದಲ್ಲಿ ನೂರಾರು ಇದ್ದೂ ಮೂತ್ರದ ಪರೀಕ್ಷೆ ಖಾಲಿ ಬಂದರೆ, ಸೀರಂ ತೆಳು ಮಾಡಿದಾಗ ಅಂಕಿ ಅದೇ ಪ್ರಮಾಣದಲ್ಲಿ ಇಳಿಯದಿದ್ದರೆ ಸಂಶಯ ಇವುಗಳ ಮೇಲೆ. ಅಂಥ ಅಂಕಿ ನೋಡಿ ಕ್ಯಾನ್ಸರ್ ಔಷಧ ಕೊಟ್ಟ ಪ್ರಸಂಗಗಳು ಜಗತ್ತಿನ ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಆದ್ದರಿಂದ ಲಕ್ಷಣಕ್ಕೂ ಅಂಕಿಗೂ ತಾಳೆಯಾಗದಿದ್ದರೆ ಬೇರೊಂದು ಕಂಪನಿಯ ವಿಧಾನದಲ್ಲಿ ಮಾಡಿಸುವುದು ಸರಿಯಾದ ಹೆಜ್ಜೆ. ಏರಿಕೆ ಅಳೆಯುವಾಗ ಲ್ಯಾಬ್ ಬದಲಿಸಬೇಡಿ ಎಂದೆವು, ಅಂಕಿಯ ಮೇಲೇ ಅನುಮಾನ ಬಂದಾಗ ಬದಲಿಸಲೇಬೇಕು.

ಪ್ರಶ್ನೆ: ಕೂದಲು ಉದುರುವುದಕ್ಕೆ ಬಯೋಟಿನ್ ಮಾತ್ರೆ ತಗೊಳ್ತಿದ್ದೇನೆ. ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕಾ? (ಕೊಪ್ಪ)

ಉತ್ತರ: ಖಾಲಿ ಹೊಟ್ಟೆ ಬೇಡ. ಬಯೋಟಿನ್ ವಿಷಯ ಮಾತ್ರ ಲ್ಯಾಬಿಗೆ ಹೇಳಿ. ಕೆಲವು ವಿಧಾನಗಳಲ್ಲಿ ಆಂಟಿಬಾಡಿಯನ್ನು ತಳಕ್ಕೆ ಕಟ್ಟುವ ದಾರವೇ ಬಯೋಟಿನ್. 5–10 ಮಿಲಿಗ್ರಾಂ ಮಾತ್ರೆ ನುಂಗಿದವರ ರಕ್ತದಲ್ಲಿ ಅದು ತುಂಬಿ, ಎಚ್‌ಸಿಜಿ ಇದ್ದದ್ದಕ್ಕಿಂತ ಕಡಿಮೆ ಕಾಣಬಹುದು. ಎರಡು ಮೂರು ದಿನ ನಿಲ್ಲಿಸಿ ರಕ್ತ ಕೊಡಿ. ಮಕ್ಕಳಾಗಲು ಚಿಕಿತ್ಸೆ ಪಡೆಯುವವರು ಎಚ್‌ಸಿಜಿ ಇಂಜೆಕ್ಷನ್ ತೆಗೆದುಕೊಂಡಿದ್ದರೆ 10–14 ದಿನ ಅದೇ ರಕ್ತದಲ್ಲಿರುತ್ತದೆ, ಅದಕ್ಕೆ ಮುಂಚೆ ಮಾಡಿದ ಪರೀಕ್ಷೆಯಲ್ಲಿ ಕಾಣುವುದು ಇಂಜೆಕ್ಷನ್ನಿನ ಎಚ್‌ಸಿಜಿಯೇ.

ಪ್ರಶ್ನೆ: ಡಬಲ್ ಮಾರ್ಕರ್ ಪರೀಕ್ಷೆಗೆ ನಮ್ಮಲ್ಲಿ ರಕ್ತ ತೆಗೆದು ಬೆಂಗಳೂರಿಗೆ ಕಳಿಸುತ್ತಾರೆ. ರಾತ್ರಿ ಬಸ್ಸಿನಲ್ಲಿ ಹೋದರೆ ಕೆಡುವುದಿಲ್ಲವೇ? (ಶೃಂಗೇರಿ)

ಉತ್ತರ: ಕೆಡದಂತೆ ಕಳಿಸಬಹುದು, ಆದರೆ ರಕ್ತವನ್ನು ಹಾಗೇ ಕಳಿಸಬಾರದು. 11ರಿಂದ 13 ವಾರ 6 ದಿನದ ನಡುವೆ ಮಾಡುವ ಈ ಪರೀಕ್ಷೆಯಲ್ಲಿ ಅಳೆಯುವುದು ಇಡೀ ಎಚ್‌ಸಿಜಿಯನ್ನಲ್ಲ, ಜೋಡಿಯಿಂದ ಬಿಡಿಯಾಗಿ ಓಡಾಡುವ ಬೀಟಾ ತುಂಡನ್ನು. ರಕ್ತ ಬಿಸಿಯಲ್ಲಿ ಗಂಟೆಗಟ್ಟಲೆ ಇದ್ದರೆ ಇಡೀ ಹಾರ್ಮೋನು ಒಡೆದು ಬಿಡಿ ಬೀಟಾ ಹೆಚ್ಚುತ್ತದೆ. ಬಿಡಿ ಬೀಟಾ ಹೆಚ್ಚಿದ್ದರೆ ಡೌನ್ ಸಿಂಡ್ರೋಮಿನ ಅಪಾಯ ಹೆಚ್ಚು ಎಂದು ಲೆಕ್ಕ ಹಾಕುವ ಪರೀಕ್ಷೆ ಇದು, ಹಾಗಾಗಿ ಬಿಸಿಯಲ್ಲಿ ಹೋದ ರಕ್ತ ಒಂದು ಕುಟುಂಬವನ್ನು ಸುಮ್ಮಸುಮ್ಮನೆ ಹೆದರಿಸಬಲ್ಲದು. ರಕ್ತ ತೆಗೆದ ಜಾಗದಲ್ಲೇ ಸೀರಂ ಬೇರೆ ಮಾಡಿ, ಐಸ್ ಪ್ಯಾಕ್ ಇಟ್ಟ ಡಬ್ಬಿಯಲ್ಲಿ 2–8 ಡಿಗ್ರಿಯಲ್ಲಿ ಕಳಿಸುತ್ತೀರಾ ಎಂದು ಕೇಳಿ. ತೂಕ, ವಯಸ್ಸು, ಸ್ಕ್ಯಾನಿನಲ್ಲಿ ಅಳೆದ ಕೂಸಿನ ಉದ್ದ, ಇವು ಫಾರಂನಲ್ಲಿ ಸರಿಯಾಗಿವೆಯೇ ನೀವೇ ಓದಿ ನೋಡಿ. ಅಪಾಯದ ಲೆಕ್ಕ ಅವುಗಳ ಮೇಲೂ ನಿಂತಿದೆ.

ಪ್ರಶ್ನೆ: ಮಂಗನ ಕಾಯಿಲೆಗೂ ಎಲಿಸಾ, ಬಸಿರಿಗೂ ಎಲಿಸಾ. ಎರಡೂ ಒಂದೇನಾ? (ಸೊರಬ)

ಉತ್ತರ: ಯಂತ್ರ, ಪ್ಲೇಟು, ಬಣ್ಣ ಒಂದೇ. ಹುಡುಕುವ ವಸ್ತು ಬೇರೆ. ನಿಮ್ಮದೇ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಆ ಕಾಯಿಲೆಗೆ ಮಾಡುವ ಐಜಿಎಂ ಎಲಿಸಾ, ವೈರಸ್ಸಿಗೆ ಎದುರಾಗಿ ರೋಗಿಯ ದೇಹ ತಯಾರಿಸಿದ ಆಂಟಿಬಾಡಿಯನ್ನು ಹುಡುಕುತ್ತದೆ. ಬಸಿರಿನದ್ದು ಹಾರ್ಮೋನನ್ನೇ ಹುಡುಕುತ್ತದೆ. ಈ ವಿಧಾನವನ್ನು 1971ರಲ್ಲಿ ಸ್ವೀಡನ್ನಿನಲ್ಲೂ ನೆದರ್ಲೆಂಡ್ಸಿನಲ್ಲೂ ಬೇರೆ ಬೇರೆಯಾಗಿ ಕಂಡುಹಿಡಿದರು. ನೆದರ್ಲೆಂಡ್ಸಿನವರು ಮೊದಲು ಅಳೆದು ತೋರಿಸಿದ್ದು ಎಚ್‌ಸಿಜಿಯನ್ನೇ.

ಪ್ರಶ್ನೆ: ಸ್ವಾಮಿ, ಮನೆಯಲ್ಲಿ ಎರಡು ಜೆರ್ಸಿ, ನಾಲ್ಕು ಮಲೆನಾಡು ಗಿಡ್ಡ ಇವೆ. ಸೆಮೆನ್ ಹಾಕಿಸಿ ಮೂರು ತಿಂಗಳಾದ ಮೇಲೆ ಗಬ್ಬ ಇಲ್ಲ ಅಂತ ಗೊತ್ತಾದರೆ ಅಷ್ಟು ದಿನದ ಹಾಲು ಹೋಯಿತು. ಹೆಂಗಸರಿಗೆ ಮಾಡುವ ಪಟ್ಟಿ ದನಕ್ಕೆ ನಡೆಯುತ್ತದಾ? (ಹೊಸನಗರದ ನಗರ ಹೋಬಳಿ)

ಉತ್ತರ: ನಡೆಯುವುದಿಲ್ಲ. ದನಕ್ಕೆ ಎಚ್‌ಸಿಜಿ ಇಲ್ಲವೇ ಇಲ್ಲ. ದನಕ್ಕೆ ಇರುವುದು ಎರಡು ದಾರಿ.

ಒಂದು, ಪ್ರೊಜೆಸ್ಟರಾನ್. ಸೆಮೆನ್ ಹಾಕಿಸಿದ 21ರಿಂದ 24ನೇ ದಿನ ಹಾಲಿನಲ್ಲಿ ಇದು ಕಡಿಮೆ ಇದ್ದರೆ ಗಬ್ಬ ಇಲ್ಲ ಎಂಬುದು ಬಹುಮಟ್ಟಿಗೆ ಖಚಿತ, ಬೆದೆ ಕಾದು ಮತ್ತೆ ಹಾಕಿಸಬಹುದು. ಹೆಚ್ಚಿದ್ದರೆ ಗಬ್ಬ ಇರಬಹುದು ಎಂದಷ್ಟೇ. ಬೆದೆಯ ದಿನ ತಪ್ಪಾಗಿ ಗುರುತಿಸಿ ಸೆಮೆನ್ ಹಾಕಿಸಿದ ಹಸುವಿನಲ್ಲೂ ಅದು ಹೆಚ್ಚಿರುತ್ತದೆ. ಪ್ರೊಜೆಸ್ಟರಾನ್ ಅಣು ತೀರಾ ಸಣ್ಣದು, ಎರಡು ಆಂಟಿಬಾಡಿ ಏಕಕಾಲಕ್ಕೆ ಹಿಡಿಯಲು ಜಾಗವಿಲ್ಲ. ಅದಕ್ಕೆ ಹಾಲಿನ ಹಾರ್ಮೋನು ಮತ್ತು ಎಂಜೈಮು ಅಂಟಿಸಿದ ಹಾರ್ಮೋನು ಒಂದೇ ಆಂಟಿಬಾಡಿಗಾಗಿ ಪೈಪೋಟಿ ಮಾಡುವ ಎಲಿಸಾ ಬಳಸುತ್ತಾರೆ. ಇಲ್ಲಿ ಬಣ್ಣ ಉಲ್ಟಾ: ಬಣ್ಣ ಕಡಿಮೆಯಾದಷ್ಟೂ ಹಾರ್ಮೋನು ಹೆಚ್ಚು. ಈ ಹಾರ್ಮೋನು ಕೊಬ್ಬಿನಲ್ಲಿ ಕರಗುವುದರಿಂದ ಕರೆಯುವಾಗಿನ ಮೊದಲ ಹಾಲಿಗೂ ಕೊನೆಯ ಗಟ್ಟಿ ಹಾಲಿಗೂ ಅಂಕಿ ಬೇರೆ ಬರುತ್ತದೆ. ಯಾವ ಹಾಲು ಎಂದು ಲ್ಯಾಬಿನವರು ಹೇಳಿದರೋ ಪ್ರತಿ ಸಲವೂ ಅದನ್ನೇ ಕೊಡಿ.

ಇನ್ನೊಂದು, ಮಾಸಿನಿಂದ ಬರುವ ಪಿಎಜಿ ಎಂಬ ಪ್ರೋಟೀನು. 28ನೇ ದಿನದಿಂದ ರಕ್ತದಲ್ಲಿ, ಹಾಲಿನಲ್ಲಿ ಎಲಿಸಾದಿಂದ ಹಿಡಿಯಬಹುದು. ಗಬ್ಬ ಇದೆ ಎನ್ನಲು ಇದು ಹೆಚ್ಚು ಗಟ್ಟಿ. ಎರಡು ಎಚ್ಚರ ಬೇಕು. ಹಿಂದಿನ ಕರು ಹಾಕಿದ ಮೇಲೂ ಇದು ರಕ್ತದಲ್ಲಿ ಉಳಿದಿರುತ್ತದೆ, ಆದ್ದರಿಂದ ಕರು ಹಾಕಿ 60 ದಿನವಾದರೂ ಆಗಿರಬೇಕು. ಭ್ರೂಣ ಸತ್ತ ಮೇಲೂ ಕೆಲವು ದಿನ ಗಬ್ಬ ಎಂದೇ ತೋರಿಸುತ್ತದೆ, ಹಾಗಾಗಿ 60–70ನೇ ದಿನಕ್ಕೆ ಡಾಕ್ಟರಿಂದ ಕೈ ಹಾಕಿಸಿಯೋ ಸ್ಕ್ಯಾನ್ ಮಾಡಿಸಿಯೋ ಖಾತ್ರಿ ಮಾಡಿಕೊಳ್ಳಿ. ಗಿಡ್ಡ ತಳಿಯ ಸಣ್ಣ ಕಡಸುಗಳಿಗೆ ಕೈ ಹಾಕುವುದು ಹಿಂಸೆ, ಅವುಗಳ ಮಟ್ಟಿಗೆ ರಕ್ತಪರೀಕ್ಷೆ ನಿಜಕ್ಕೂ ಉಪಕಾರ. ಈ ಪರೀಕ್ಷೆ ಎಲ್ಲಿ ಮಾಡುತ್ತಾರೆಂದು ನಿಮ್ಮ ಪಶು ಆಸ್ಪತ್ರೆಯಲ್ಲಿ ಅಥವಾ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ.

ಗಂಜಲ ಒಂದು ಪಾಲು, ನೀರು 14 ಪಾಲು ಬೆರೆಸಿ ಗೋಧಿ ಮೊಳಕೆ ಬರಿಸುವ ಪುಣ್ಯಕೋಟಿ ಪರೀಕ್ಷೆಯನ್ನೂ ಕೆಲವರು ಮಾಡುತ್ತಾರೆ. ಗಬ್ಬದ ಹಸುವಿನ ಗಂಜಲದಲ್ಲಿ ಮೊಳಕೆ ಕಡಿಮೆ ಬರುತ್ತದೆ ಎಂಬುದು ಅದರ ಆಧಾರ. ಗಂಜಲ ಮಂದವಾಗಿದ್ದರೂ ಮೊಳಕೆ ಬಾರದು, ಬೀಜ ಹಳೆಯದಾದರೂ ಬಾರದು. ಮಾಡುವುದಿದ್ದರೆ ಪಕ್ಕದಲ್ಲಿ ಬರೀ ನೀರಿನ ತಟ್ಟೆ ಒಂದನ್ನು, ಗಬ್ಬವಿಲ್ಲದ ಹಸುವಿನ ಗಂಜಲದ ತಟ್ಟೆ ಇನ್ನೊಂದನ್ನು ಇಟ್ಟು, ಐದನೇ ದಿನ ಮೂರನ್ನೂ ಎಣಿಸಿ.